ಗುರುತಿನ ಚೀಟಿಯ ಒಂದು ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಂಬೋಡಿಯ ಮತ್ತು ಥಾಯ್ಲೆಂಡಿನ ಗಡಿಯಲ್ಲಿ ಡಾಂಗ್ರೆಕ್ ಎಂಬ ಬೆಟ್ಟಸಾಲಿದೆ. ಅಲ್ಲಿ ಕಡಿದಾದ ಬಂಡೆಯ ನೆತ್ತಿಯ ಮೇಲೆ ಖಮೇರ್ ರಾಜರು ಕಟ್ಟಿಸಿದ ಶಿವನ ಗುಡಿ ಇದೆ. ಪ್ರೇಹ್ ವಿಹಿಯರ್ ಅಂತ ಹೆಸರು. ಹೆಚ್ಚುಕಡಿಮೆ ಸಾವಿರ ವರ್ಷ ಹಳೆಯದು. ಈ ಗುಡಿ ಯಾರದು ಅನ್ನುವ ವ್ಯಾಜ್ಯ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಯಿತು. 1962ರಲ್ಲಿ ತೀರ್ಪು ಕಾಂಬೋಡಿಯದ ಪರವಾಗಿ ಬಂತು. 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡೂ ಕಡೆಯ ಸೈನಿಕರು ಮತ್ತೆ ಎದುರುಬದುರು ನಿಂತರು. ಆಮೇಲಿನ ವರ್ಷಗಳಲ್ಲಿ ಗುಡಿಯ ಸುತ್ತ ಗುಂಡು ಹಾರಿತು, ಜನ ಸತ್ತರು. 2025ರಲ್ಲಿ ಅದೇ ಗಡಿ ಮತ್ತೆ ಹೊತ್ತಿಕೊಂಡಿತು. ಎರಡು ದೇಶಗಳಲ್ಲೂ ಬಹುಪಾಲು ಜನ ಬೌದ್ಧರು, ಅದೂ ಒಂದೇ ಥೇರವಾದ ಪಂಥದವರು. ಜಗಳ ಮಾತ್ರ ಶಿವನ ಗುಡಿಗೆ.

ಇದನ್ನು ಧರ್ಮದ ಜಗಳ ಅನ್ನಲು ಬರುವುದಿಲ್ಲ, ಅಲ್ವಾ? ಆದರೆ ಆ ಗುಡಿಯನ್ನು ಬಿಟ್ಟು ಈ ಜಗಳವನ್ನು ಅರ್ಥ ಮಾಡಿಕೊಳ್ಳಲೂ ಆಗುವುದಿಲ್ಲ.

ಶೀತಲ ಸಮರ ಮುಗಿದ ಮೇಲೆ ಒಂದು ವಾದ ಬಹಳ ಚಾಲ್ತಿಗೆ ಬಂತು. ಇನ್ನು ಮುಂದೆ ನಾಗರಿಕತೆಗಳೇ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಒಂದೇ ಧರ್ಮದವರು ಒಂದು ಕಡೆ ಸೇರುತ್ತಾರೆ ಅಂತ. ಕೇಳಲು ಸರಿ ಅನ್ನಿಸುತ್ತದೆ. ಭೂಪಟ ಬಿಡಿಸಿಕೊಂಡು ಕೂತರೆ ಅದು ನಿಲ್ಲುವುದಿಲ್ಲ. ಕಾಕಸಸ್ ಪ್ರದೇಶ ನೋಡಿ. ಅಜರ್‌ಬೈಜಾನಿನ ಹೆಚ್ಚಿನ ಜನ ಶಿಯಾ ಮುಸ್ಲಿಮರು. ಪಕ್ಕದ ಇರಾನ್ ಕೂಡ ಶಿಯಾ ದೇಶವೇ. ಆದರೂ ಇರಾನಿಗೆ ಜಾಸ್ತಿ ಹೊಂದಿಕೆಯಾಗಿರುವುದು ಅಜರ್‌ಬೈಜಾನಿನ ಎದುರಾಳಿ, ಕ್ರೈಸ್ತ ಅರ್ಮೇನಿಯದ ಜೊತೆ. ಅಜರ್‌ಬೈಜಾನ್ ಬಹಳಷ್ಟು ಆಯುಧ ಕೊಂಡಿದ್ದು ಇಸ್ರೇಲಿನಿಂದ. ಹಿಂದೆಯೂ ಹೀಗೇ ಇತ್ತು. ಯುರೋಪಿನಲ್ಲಿ 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧವನ್ನು ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ನಡೆದ ಯುದ್ಧ ಅಂತಲೇ ಹೇಳುತ್ತಾರೆ. ಅದರಲ್ಲಿ ಕ್ಯಾಥೊಲಿಕ್ ಫ್ರಾನ್ಸ್ ಪ್ರಾಟೆಸ್ಟೆಂಟ್ ಸ್ವೀಡನ್ನಿಗೆ ಹಣ ಕೊಟ್ಟಿತು. ಆಮೇಲೆ 1635ರಲ್ಲಿ ತಾನೇ ಕಣಕ್ಕಿಳಿಯಿತು. ಆಗ ಫ್ರಾನ್ಸಿನ ಮುಖ್ಯ ಮಂತ್ರಿ ರಿಶೆಲ್ಯೂ. ಅವರೇ ಕ್ಯಾಥೊಲಿಕ್ ಚರ್ಚಿನ ಕಾರ್ಡಿನಲ್!

ಹಾಗಂತ ಧರ್ಮ, ಭಾಷೆ ಎಲ್ಲ ಬರೀ ನೆಪ, ಒಳಗಿರುವುದು ಹಣ ಮತ್ತು ಅಧಿಕಾರ ಅಷ್ಟೇ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಜನ ಇವುಗಳಿಗಾಗಿ ಪ್ರಾಣ ಕೊಡುತ್ತಾರೆ. 1952ರ ಫೆಬ್ರವರಿ 21ರಂದು ಢಾಕಾದ ವಿದ್ಯಾರ್ಥಿಗಳು ಬಂಗಾಳಿ ಭಾಷೆಗಾಗಿ ಬೀದಿಗಿಳಿದು ಪೊಲೀಸರ ಗುಂಡಿಗೆ ಎದೆ ಕೊಟ್ಟರು. ಧರ್ಮದ ಆಧಾರದ ಮೇಲೆ 1947ರಲ್ಲಿ ಹುಟ್ಟಿದ ಪಾಕಿಸ್ತಾನ 1971ರಲ್ಲಿ ಒಡೆಯಿತು. ಒಡೆದದ್ದಕ್ಕೆ ಕಾರಣ ಹಲವು. ಭಾಷೆಯ ಅವಮಾನ ಅದರಲ್ಲಿ ದೊಡ್ಡದು.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಬ್ಬ ಮನುಷ್ಯನಿಗೆ ಹತ್ತಾರು ಗುರುತುಗಳಿರುತ್ತವೆ. ಆಡುವ ಮಾತು, ಹುಟ್ಟಿದ ಊರು, ಮಾಡುವ ಕಸುಬು, ನಂಬುವ ದೇವರು. ಇವುಗಳಲ್ಲಿ ಒಂದೇ ಒಂದು ಗುರುತು ಸಾವು ಬದುಕಿನ ಪ್ರಶ್ನೆಯಾಗುವುದು ಹೇಗೆ? ಹುಡುಕುತ್ತಾ ಹೋದರೆ ಬಹಳ ಸಲ ಯಾವುದೋ ಕಚೇರಿಗೆ ಹೋಗಿ ತಲುಪುತ್ತೇವೆ. ಅಲ್ಲಿ ಯಾರೋ ಒಂದು ಚೀಟಿಯಲ್ಲಿ ಒಂದು ಸಾಲು ಸೇರಿಸಿರುತ್ತಾರೆ.

ಆಫ್ರಿಕಾದ ರುವಾಂಡದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹುಟು ಮತ್ತು ಟುಟ್ಸಿ ಅಲ್ಲಿನ ಎರಡು ಮುಖ್ಯ ಸಮುದಾಯಗಳು. ಇಬ್ಬರೂ ಆಡುವುದು ಕಿನ್ಯಾರುವಾಂಡ ಎಂಬ ಒಂದೇ ಭಾಷೆ. ಇಬ್ಬರೂ ಇರುವುದು ಅದೇ ಗುಡ್ಡಗಳಲ್ಲಿ. ಹೆಚ್ಚಿನವರು ಹೋಗುವುದು ಅದೇ ಚರ್ಚುಗಳಿಗೆ. ಹಿಂದೆ ಅವರಲ್ಲಿ ಭೇದ ಇರಲೇ ಇಲ್ಲ ಅಂತಲ್ಲ, ಇತ್ತು. ದನ ಜಾಸ್ತಿ ಇದ್ದವರು, ಅರಮನೆಗೆ ಹತ್ತಿರದವರು ಟುಟ್ಸಿ. ಹೊಲ ಉಳುವವರು ಹುಟು. ಆದರೆ ಆ ಗೆರೆ ಗಟ್ಟಿಯಾಗಿರಲಿಲ್ಲ. ಸಿರಿ ಬಂದರೆ, ಮದುವೆ ಸಂಬಂಧ ಬೆಳೆದರೆ, ಈಚೆಯವರು ಆಚೆಗೆ ಹೋಗಬಹುದಿತ್ತು. 1930ರ ದಶಕದಲ್ಲಿ ಆಳುತ್ತಿದ್ದ ಬೆಲ್ಜಿಯನ್ನರು ಎಲ್ಲರಿಗೂ ಗುರುತಿನ ಚೀಟಿ ಕೊಟ್ಟರು. ಅದರಲ್ಲಿ ಹುಟು, ಟುಟ್ಸಿ ಅಥವಾ ಟ್ವಾ ಅಂತ ಬರೆದರು. ಟ್ವಾ ಅಂದರೆ ಅಲ್ಲಿನ ಮೂರನೆಯ, ತೀರಾ ಸಣ್ಣ ಸಮುದಾಯ. ಅಪ್ಪನದು ಯಾವುದೋ ಮಗನದೂ ಅದೇ. ಅಲ್ಲಿಗೆ ದಾರಿ ಮುಚ್ಚಿತು.

1962ರಲ್ಲಿ ಸ್ವಾತಂತ್ರ್ಯ ಬಂತು. ಬೆಲ್ಜಿಯನ್ನರು ಹೋದರು, ಚೀಟಿಯ ಆ ಸಾಲು ಉಳಿಯಿತು. 1994ರ ಏಪ್ರಿಲಿನಲ್ಲಿ ಕೊಲೆಗಳು ಶುರುವಾದಾಗ ಹುಟು ತೀವ್ರವಾದಿಗಳು ದಾರಿದಾರಿಗೆ ಅಡ್ಡಗಟ್ಟೆ ಹಾಕಿ ಕೇಳಿದ್ದು ಅದೇ ಚೀಟಿಯನ್ನು. ಟುಟ್ಸಿ ಅಂತ ಇದ್ದರೆ ಅಲ್ಲೇ ಸಾವು. ಚರ್ಚಿನೊಳಗೆ ಆಸರೆ ಪಡೆದವರನ್ನೂ ಬಿಡಲಿಲ್ಲ. ನೂರು ದಿನಗಳ ಆಸುಪಾಸಿನಲ್ಲಿ ಸುಮಾರು 8 ಲಕ್ಷ ಜನ ಸತ್ತರು ಅನ್ನುವುದು ವಿಶ್ವಸಂಸ್ಥೆಯ ಲೆಕ್ಕ. ಸತ್ತವರಲ್ಲಿ ಹೆಚ್ಚಿನವರು ಟುಟ್ಸಿಗಳು. ಕೊಲೆಯನ್ನು ಒಪ್ಪದ ಹುಟುಗಳೂ ಅವರಲ್ಲಿ ಇದ್ದರು.

ಬಾನುಲಿಯಲ್ಲಿ ಕೂತು ಮಾತಾಡುವಾಗ ಇನ್ನೊಂದು ಸಂಗತಿ ಹೇಳದೆ ಇರಲಾರೆ. ಆ ಕೊಲೆಗಳಿಗೆ ಜನರನ್ನು ಹುರಿದುಂಬಿಸಿದ್ದು ಒಂದು ರೇಡಿಯೊ. 1993ರಲ್ಲಿ ಶುರುವಾದ ಆರ್‌ಟಿಎಲ್‌ಎಂ. ಜನಪ್ರಿಯ ಹಾಡು ಹಾಕುತ್ತಿತ್ತು, ಹರಟೆ ಹೊಡೆಯುತ್ತಿತ್ತು, ನಡುನಡುವೆ ಟುಟ್ಸಿಗಳನ್ನು ಜಿರಳೆಗಳು ಅನ್ನುತ್ತಿತ್ತು. ಕೆಲವರ ಹೆಸರು ಹೇಳಿ, ಅವರು ಎಲ್ಲಿದ್ದಾರೆ ಅಂತಲೂ ಹೇಳುತ್ತಿತ್ತು. ಅದನ್ನು ಕಟ್ಟಿದವರಲ್ಲಿ ಇಬ್ಬರಿಗೂ, ಒಬ್ಬ ಪತ್ರಿಕಾ ಸಂಪಾದಕನಿಗೂ 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ಕೊಟ್ಟಿತು. ಧ್ವನಿಯೊಂದು ಮನೆಯೊಳಗೆ ಬಂದು ಮಾತಾಡಿದರೆ ಜನ ನಂಬುತ್ತಾರೆ. ಆ ನಂಬಿಕೆಯನ್ನು ಹೀಗೆ ಬಳಸಿದವರನ್ನು ಕ್ಷಮಿಸಲು ನನ್ನಿಂದ ಆಗುವುದಿಲ್ಲ.

ಇವತ್ತು ರುವಾಂಡದ ಚೀಟಿಯಲ್ಲಿ ಆ ಸಾಲು ಇಲ್ಲ.

ಬೋಸ್ನಿಯದಲ್ಲಿ ಆದದ್ದು ಇದರ ತಿರುವುಮುರುವು. ಅಲ್ಲಿ ಯುದ್ಧ ನಿಲ್ಲಿಸುವುದಕ್ಕಾಗಿಯೇ ಗುರುತನ್ನು ಬರೆದರು. 1992ರಿಂದ 1995ರವರೆಗೆ ಸುಮಾರು ಒಂದು ಲಕ್ಷ ಜನ ಸತ್ತ ಯುದ್ಧ ಅದು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ 8 ಸಾವಿರಕ್ಕೂ ಹೆಚ್ಚು ಬೋಸ್ನಿಯಾಕ್, ಅಂದರೆ ಬೋಸ್ನಿಯದ ಮುಸ್ಲಿಂ ಸಮುದಾಯದ, ಗಂಡಸರನ್ನೂ ಹುಡುಗರನ್ನೂ ಕೊಂದರು. ಅದೇ ವರ್ಷದ ಕೊನೆಗೆ ಅಮೆರಿಕದ ಡೇಟನ್ ಊರಿನ ವಾಯುನೆಲೆಯಲ್ಲಿ ಒಪ್ಪಂದ ಆಯಿತು. ದೇಶದ ಸಂವಿಧಾನವೇ ಆ ಒಪ್ಪಂದದ ಒಂದು ಅನುಬಂಧ. ಅದರ ಪ್ರಕಾರ ಅಧ್ಯಕ್ಷ ಪೀಠದಲ್ಲಿ ಮೂವರು: ಒಬ್ಬ ಬೋಸ್ನಿಯಾಕ್, ಒಬ್ಬ ಕ್ರೊವಾಟ್, ಒಬ್ಬ ಸರ್ಬ್.

ಬಂದೂಕು ಸುಮ್ಮನಾಯಿತು. ಅದು ಸಣ್ಣ ಮಾತಲ್ಲ. ಆದರೆ ಈ ಮೂರರಲ್ಲಿ ಯಾವುದಕ್ಕೂ ಸೇರದವರು? ಯಾಕೊಬ್ ಫಿನ್ಸಿ ಯಹೂದಿ. ಡೆರ್ವೊ ಸೆಯ್‌ಡಿಚ್ ರೋಮಾ ಸಮುದಾಯದವರು. ತಮ್ಮದೇ ದೇಶದ ಅಧ್ಯಕ್ಷ ಸ್ಥಾನಕ್ಕೆ ಇಬ್ಬರೂ ನಿಲ್ಲುವಂತಿಲ್ಲ. ಅವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2009ರ ಡಿಸೆಂಬರಿನಲ್ಲಿ ಗೆದ್ದರು. ಇದು ತಾರತಮ್ಯ ಅಂತ ನ್ಯಾಯಾಲಯ ನೇರವಾಗಿ ಹೇಳಿತು. ಅದಾದ ಮೇಲೂ ಸಂವಿಧಾನ ತಿದ್ದಲು ಮೂರು ಕಡೆಯ ನಾಯಕರೂ ವರ್ಷಗಟ್ಟಲೆ ಒಮ್ಮತಕ್ಕೆ ಬರಲಿಲ್ಲ. ಯಾಕೆ ಬರುತ್ತಾರೆ? ಅವರ ಕುರ್ಚಿ ನಿಂತಿರುವುದೇ ಆ ಗೆರೆಯ ಮೇಲೆ. ಅಲ್ಲಿನ ಕೆಲವು ಶಾಲೆಗಳಲ್ಲಿ ಒಂದೇ ಕಟ್ಟಡದೊಳಗೆ ಬೋಸ್ನಿಯಾಕ್ ಮಕ್ಕಳಿಗೆ ಒಂದು ಪಠ್ಯ, ಕ್ರೊವಾಟ್ ಮಕ್ಕಳಿಗೆ ಇನ್ನೊಂದು. ಅಕ್ಕಪಕ್ಕದ ಮನೆಯ ಮಕ್ಕಳು ಬೇರೆ ಬೇರೆ ಇತಿಹಾಸ ಓದಿ ಬೆಳೆಯುತ್ತಾರೆ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಈ ಸಂಗತಿ.

ಲೆಬನಾನಿನಲ್ಲಿ ಇದೇ ಏರ್ಪಾಟು ಇನ್ನೂ ಹಳೆಯದು. 1943ರ ಅಲಿಖಿತ ಒಪ್ಪಂದದಂತೆ ಅಧ್ಯಕ್ಷರು ಮ್ಯಾರೊನೈಟ್ ಕ್ರೈಸ್ತರು, ಪ್ರಧಾನಿ ಸುನ್ನಿ, ಸಂಸತ್ತಿನ ಸ್ಪೀಕರ್ ಶಿಯಾ. ಈ ಹಂಚಿಕೆಗೆ ಆಧಾರ 1932ರ ಜನಗಣತಿ. ಅದಾದ ಮೇಲೆ ಆ ದೇಶದಲ್ಲಿ ಅಧಿಕೃತ ಜನಗಣತಿಯೇ ನಡೆದಿಲ್ಲ. ಎಣಿಸಿದರೆ ಲೆಕ್ಕ ಬದಲಾಗುತ್ತದೆ, ಲೆಕ್ಕ ಬದಲಾದರೆ ಕುರ್ಚಿ ಬದಲಾಗಬೇಕಾಗುತ್ತದೆ ಅನ್ನುವ ಭಯ. 1975ರಿಂದ 1990ರವರೆಗೆ ಒಳಯುದ್ಧವೂ ನಡೆಯಿತು. ಇಂದಿಗೂ ಮದುವೆ, ವಿಚ್ಛೇದನ ಎಲ್ಲ ಆಯಾ ಪಂಥದ ಕಾನೂನಿನ ಕೈಯಲ್ಲಿ. ಬೇರೆ ಬೇರೆ ಪಂಥದ ಹುಡುಗ ಹುಡುಗಿ ಎಷ್ಟೋ ಸಲ ಹತ್ತಿರದ ಸೈಪ್ರಸ್ಸಿಗೆ ಹೋಗಿ ಮದುವೆಯಾಗಿ ಬರುತ್ತಾರೆ. 2009ರಲ್ಲಿ ಒಂದು ಬಾಗಿಲು ಸ್ವಲ್ಪ ತೆರೆಯಿತು: ಬೇಕಾದವರು ಸರ್ಕಾರಿ ದಾಖಲೆಯಿಂದ ತಮ್ಮ ಪಂಥದ ಹೆಸರನ್ನು ತೆಗೆಸಬಹುದು ಅಂತ ಆಯಿತು.

ಗುರುತನ್ನು ಬರೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಸಣ್ಣ ಸಮುದಾಯಗಳನ್ನು ಕಾಪಾಡಲು ಕೆಲವೊಮ್ಮೆ ಬರೆಯಬೇಕಾಗುತ್ತದೆ. ಯಾರನ್ನೂ ಹೆಸರಿಸದೆ ಎಲ್ಲರೂ ಸಮಾನರು ಅಂದುಬಿಟ್ಟರೆ, ಜಾಸ್ತಿ ಇರುವವರ ಪದ್ಧತಿಯೇ ಎಲ್ಲರ ಪದ್ಧತಿಯಾಗಿಬಿಡುತ್ತದೆ. ನನ್ನ ಆತಂಕ ಇಷ್ಟೇ: ಬರೆದದ್ದನ್ನು ಬದಲಾಯಿಸುವ, ಖಾಲಿ ಬಿಡುವ, ಎರಡನ್ನೂ ಬರೆಯುವ ಅವಕಾಶ ಆ ಮನುಷ್ಯನ ಕೈಯಲ್ಲೇ ಇದೆಯೇ?

ಧರ್ಮದ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. 1978ರಲ್ಲಿ ಅರ್ಜೆಂಟೀನ ಮತ್ತು ಚಿಲಿ ಬೀಗಲ್ ಜಲಸಂಧಿಯ ದ್ವೀಪಗಳಿಗಾಗಿ ಯುದ್ಧದ ಅಂಚಿಗೆ ಬಂದಿದ್ದವು. ಪೋಪ್ ಎರಡನೆಯ ಜಾನ್ ಪಾಲ್ ಮಧ್ಯಸ್ಥಿಕೆ ವಹಿಸಿದರು. 1984ರಲ್ಲಿ ಒಪ್ಪಂದ ಆಯಿತು. ಮೊಜಾಂಬಿಕ್‌ನ ಒಳಯುದ್ಧ ಮುಗಿಸಿದ 1992ರ ಮಾತುಕತೆ ನಡೆದದ್ದೂ ರೋಮಿನಲ್ಲಿ, ಸಂತ್ ಎಜಿದಿಯೊ ಎಂಬ ಕ್ಯಾಥೊಲಿಕ್ ಬಳಗದ ಆಸರೆಯಲ್ಲಿ. ಎರಡೂ ಕಡೆಯವರು ನಂಬುವವರೊಬ್ಬರು ನಡುವೆ ಕೂತರೆ ಆಗುವ ಕೆಲಸ ಇದು.

ಉತ್ತರ ಐರ್ಲೆಂಡಿನಲ್ಲಿ ಸುಮಾರು ಮೂರು ದಶಕಗಳ ಹಿಂಸೆಯಲ್ಲಿ 3,500ರಷ್ಟು ಜನ ಸತ್ತರು. 1998ರ ಏಪ್ರಿಲ್ 10ರಂದು, ಗುಡ್ ಫ್ರೈಡೆಯ ದಿನ, ಒಪ್ಪಂದವಾಯಿತು. ಅದರಲ್ಲಿ ನನಗೆ ಬಹಳ ಇಷ್ಟವಾದ ಒಂದು ವಾಕ್ಯವಿದೆ. ಅಲ್ಲಿ ಹುಟ್ಟಿದವರು ತಮ್ಮನ್ನು ಬ್ರಿಟಿಷರು ಅನ್ನಬಹುದು, ಐರಿಷರು ಅನ್ನಬಹುದು, ಮನಸ್ಸಿದ್ದರೆ ಎರಡೂ ಅನ್ನಬಹುದು. ಒಂದು ದೇಶದ ಪಾಸ್‌ಪೋರ್ಟ್ ಪಡೆದರೆ ಇನ್ನೊಂದನ್ನು ಬಿಡಬೇಕಿಲ್ಲ.

ಆದರೆ ಅದೇ ಒಪ್ಪಂದ ಕಟ್ಟಿದ ವಿಧಾನಸಭೆಯಲ್ಲಿ ಪ್ರತಿ ಸದಸ್ಯರೂ ತಾವು ಯೂನಿಯನಿಸ್ಟೋ, ನ್ಯಾಷನಲಿಸ್ಟೋ, ಇತರರೋ ಅಂತ ದಾಖಲು ಮಾಡಬೇಕು. ಬ್ರಿಟನ್ನಿನ ಜೊತೆಗೇ ಉಳಿಯಬೇಕು ಅನ್ನುವವರು ಯೂನಿಯನಿಸ್ಟರು, ಐರ್ಲೆಂಡ್ ಒಂದಾಗಬೇಕು ಅನ್ನುವವರು ನ್ಯಾಷನಲಿಸ್ಟರು. ದೊಡ್ಡ ತೀರ್ಮಾನಗಳಿಗೆ ಮೊದಲ ಎರಡು ಗುಂಪುಗಳ ಒಪ್ಪಿಗೆಯನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ. ಇತರರ ಮತಕ್ಕೆ ಅಲ್ಲಿ ಅಷ್ಟು ತೂಕವಿಲ್ಲ. 2022ರ ಚುನಾವಣೆಯಲ್ಲಿ 90 ಸ್ಥಾನಗಳಲ್ಲಿ 17ನ್ನು ಗೆದ್ದ ಅಲಯನ್ಸ್ ಪಕ್ಷ ಈ ಇತರರ ಸಾಲಿನಲ್ಲೇ ಕೂರುತ್ತದೆ. ನಮ್ಮ ಮತವನ್ನೂ ಸಮನಾಗಿ ಎಣಿಸಿ, ನಿಯಮ ಬದಲಿಸಿ ಅಂತ ಅವರು ಕೇಳುತ್ತಿದ್ದಾರೆ. ಆ ಕೇಳಿಕೆ ನ್ಯಾಯವಾದದ್ದು ಅಂತ ನನಗನ್ನಿಸುತ್ತದೆ.

ನಮಸ್ಕಾರ.