ಒಂಬತ್ತೂವರೆಗೆ ನಿಂತ ನೆಟ್ ಐದೇ ನಿಮಿಷಕ್ಕೆ ಹೇಗೆ ಬಂತು? ಮಕ್ಕಳಿರುವ ಮನೆಗೆ ರೌಟರ್ ಆರಿಸುವ ಕಥೆ

ನಮಸ್ಕಾರ.

ಹೋದ ತಿಂಗಳು ಶಿವಮೊಗ್ಗದಿಂದ ಅಕ್ಕ ಫೋನ್ ಮಾಡಿದ್ದಳು. "ನೀನು ಹೇಳಿದ ರೌಟರೇ ತಂದ್ವಿ ಕಣೋ. ರಾತ್ರಿ ಒಂಬತ್ತೂವರೆಗೆ ಇವನ ಫೋನಿಗೆ ನೆಟ್ ಕಟ್ ಆಗೋ ಹಾಗೆ ಇಟ್ಟಿದೀವಿ. ಕಟ್ಟೂ ಆಗತ್ತೆ. ಐದೇ ನಿಮಿಷಕ್ಕೆ ರೂಮಿಂದ ಮತ್ತೆ ರೀಲ್ಸ್ ಸೌಂಡು ಬರತ್ತೆ. ನಿನ್ನ ರೌಟರ್‌ಗೇನು ದೆವ್ವ ಹಿಡಿದಿದೆಯಾ?"

ದೆವ್ವ ಅಲ್ಲ ಅಕ್ಕ. ಎಂಟನೇ ಕ್ಲಾಸು.

ಅಕ್ಕನ ಮಗ ಏನು ಮಾಡಿದ್ದ ಅಂತ ಹುಡುಕಲು ಹೋಗಿ ನನಗೆ ಒಂದು ವಾರ ನಿದ್ದೆ ಕೆಟ್ಟಿತು. ರೌಟರ್ ಕೊಳ್ಳುವಾಗ ನಾವೆಲ್ಲ ಏನು ನೋಡುತ್ತೇವೆ? ಆಂಟೆನಾ ಎಷ್ಟಿವೆ, ವೈಫೈ 6 ಇದೆಯಾ, ಮೂರನೇ ರೂಮಿಗೆ ಸಿಗ್ನಲ್ ಬರುತ್ತಾ. ಅದೆಲ್ಲ ಬೇಕು, ಇಲ್ಲ ಅನ್ನುವುದಿಲ್ಲ. ದೂರದ ರೂಮಿಗೆ, ಗೋಡೆ ದಾಟುವುದಕ್ಕೆ 2.4 ಗಿಗಾಹರ್ಟ್ಸ್. ಹತ್ತಿರದಲ್ಲಿ ಸ್ಪೀಡಿಗೆ 5 ಗಿಗಾಹರ್ಟ್ಸ್. ಎರಡೂ ಇರುವುದು ತನ್ನಿ, ಅಲ್ಲಿಗೆ ಆ ಪಾಠ ಮುಗಿಯಿತು. ಆದರೆ ಡಬ್ಬಿಯ ಮೇಲೆ "ಪೇರೆಂಟಲ್ ಕಂಟ್ರೋಲ್ಸ್" ಅಂತ ಬರೆದಿರುತ್ತಲ್ಲ, ಅದು ನಿಜವಾಗಿ ಯಾರನ್ನು ಕಂಟ್ರೋಲ್ ಮಾಡುತ್ತದೆ?

ಮಗುವನ್ನಲ್ಲ. ರೌಟರ್‌ಗೆ ನಿಮ್ಮ ಮಗ ಯಾರು ಅಂತಲೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ನಂಬರ್ ಮಾತ್ರ.

[ತೆರೆಯಲ್ಲಿ: ಫೋನಿನ ವೈಫೈ ಸೆಟ್ಟಿಂಗ್ಸ್, ಮ್ಯಾಕ್ ಅಡ್ರೆಸ್ ಮೇಲೆ ಸುತ್ತು]

ಇದು ಮ್ಯಾಕ್ ಅಡ್ರೆಸ್. ಕಂಪ್ಯೂಟರಿನ 0-1 ಲೆಕ್ಕದಲ್ಲಿ 48 ಬಿಟ್, ಬರೆದರೆ 12 ಅಕ್ಷರ (0ಯಿಂದ 9, Aಯಿಂದ F), ಎರಡೆರಡರ ಜೋಡಿ. ಕಾರ್ಖಾನೆಯಿಂದ ಬಂದ ನಂಬರ್ ಆದರೆ ಮೊದಲ ಆರು ಅಕ್ಷರ ತಯಾರಿಸಿದ ಕಂಪನಿಗೆ ಸೇರಿದ್ದು. ಉಳಿದ ಆರು ಆ ಒಂದು ಯಂತ್ರದ್ದು. "ಇವನಿಗೆ ಒಂಬತ್ತೂವರೆ ಆದಮೇಲೆ ಬಿಡಬೇಡ" ಅಂತ ನೀವು ಆ್ಯಪ್‌ನಲ್ಲಿ ಒತ್ತಿದರೆ ರೌಟರ್ ಬರೆದುಕೊಳ್ಳುವುದು ಈ ನಂಬರನ್ನು.

ಮದುವೆ ಮನೆ ಊಟ ನೆನಪಿಸಿಕೊಳ್ಳಿ. ಬಡಿಸುವವರಿಗೆ ಹೇಳಿದ್ದಾರೆ: "ಆ ನೀಲಿ ಶರ್ಟಿನ ಹುಡುಗನಿಗೆ ಹೋಳಿಗೆ ಒಂದೇ, ಜಾಸ್ತಿ ಹಾಕಬೇಡಿ." ಹುಡುಗ ಒಂದು ತಿಂದ, ಎದ್ದ, ಕೈ ತೊಳೆದ, ಒಳಗೆ ಹೋಗಿ ಬಿಳಿ ಶರ್ಟ್ ಹಾಕಿಕೊಂಡು ಎರಡನೇ ಪಂಕ್ತಿಯಲ್ಲಿ ಕೂತ. ಬಡಿಸುವವರು ಮುಖ ನೋಡುತ್ತಿಲ್ಲ, ಶರ್ಟ್ ನೋಡುತ್ತಿದ್ದಾರೆ. ಹೋಳಿಗೆ ಬಿತ್ತು, ಮೇಲೆ ತುಪ್ಪವೂ ಬಿತ್ತು.

ಅಕ್ಕನ ಮಗ ಮಾಡಿದ್ದೂ ಇಷ್ಟೇ. ಅವನದು ಆಂಡ್ರಾಯ್ಡ್ ಫೋನ್. ವೈಫೈ ಹೆಸರಿನ ಪಕ್ಕದ ಗಿಯರ್ ಒತ್ತಿ, ಪ್ರೈವಸಿ ಅಂತಿರುವ ಕಡೆ "ರ‍್ಯಾಂಡಮ್ ಮ್ಯಾಕ್" ತೆಗೆದು "ಡಿವೈಸ್ ಮ್ಯಾಕ್" ಮಾಡಿದ. ಮತ್ತೆ ಕನೆಕ್ಟ್ ಆದ. ರೌಟರ್ ಕಣ್ಣಿಗೆ ಮನೆಗೆ ಯಾರೋ ಹೊಸ ನೆಂಟರು ಬಂದ ಹಾಗೆ. ನೆಂಟರಿಗೆ ಒಂಬತ್ತೂವರೆ ರೂಲ್ ಇಲ್ಲವಲ್ಲ!

(ಈ ವಿಡಿಯೋ ನೋಡಿ ಮಕ್ಕಳು ಕಲಿತುಬಿಡುತ್ತಾರೆ ಅಂತ ಬೈಯಬೇಡಿ. ಅವರಿಗೆ ಇದು ಮೊದಲೇ ಗೊತ್ತು. ಗೊತ್ತಿಲ್ಲದವರು ನಾವು.)

ಈ ಶರ್ಟ್ ಬದಲಿಸುವ ಸೌಲಭ್ಯವನ್ನು ಫೋನಿಗೆ ಯಾಕೆ ಕೊಟ್ಟರು? ಮಕ್ಕಳಿಗೋಸ್ಕರ ಅಲ್ಲ. ಹಿಂದೆ ಫೋನ್‌ಗಳು ವೈಫೈ ಹುಡುಕುವಾಗ ತಮ್ಮ ನಿಜವಾದ ಮ್ಯಾಕ್ ನಂಬರನ್ನು ಕೂಗಿಕೊಂಡೇ ಓಡಾಡುತ್ತಿದ್ದವು. ಮಾಲ್‌ನಲ್ಲಿ ಯಾವ ಅಂಗಡಿ ಮುಂದೆ ಎಷ್ಟು ಹೊತ್ತು ನಿಂತಿರಿ, ಮತ್ತೆ ಯಾವಾಗ ಬಂದಿರಿ, ಎಲ್ಲ ಆ ನಂಬರ್ ಹಿಡಿದು ಲೆಕ್ಕ ಹಾಕಬಹುದಿತ್ತು. ಅದನ್ನು ತಪ್ಪಿಸಲು 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದ ಫೋನ್ ಒಂದೊಂದು ವೈಫೈಗೆ ಒಂದೊಂದು ಸುಳ್ಳು ನಂಬರ್ ಕೊಡುವುದೇ ಪದ್ಧತಿ ಆಯಿತು. ಒಳ್ಳೆಯ ಕೆಲಸವೇ. ನಮ್ಮ ಗುಟ್ಟು ಕಾಯಲು ಮಾಡಿದ್ದು ಮನೆಯೊಳಗೆ ಬಂದು ನಮಗೇ ತಿರುಗುಬಾಣ ಆಯಿತು, ಅಷ್ಟೇ.

ಈಗ ನನಗೆ ತುಂಬ ಇಷ್ಟವಾದ ವಿಷಯ. ಈ ಸುಳ್ಳು ನಂಬರನ್ನು ಬರಿಗಣ್ಣಲ್ಲಿ ಕಂಡುಹಿಡಿಯಬಹುದು! ಮ್ಯಾಕ್ ಅಡ್ರೆಸ್‌ನ ಎರಡನೇ ಅಕ್ಷರ ನೋಡಿ. ಮೊದಲನೆಯದಲ್ಲ, ಎರಡನೆಯದು. ಅದು 2, 6, ಎ (A) ಅಥವಾ ಇ (E) ಆಗಿದ್ದರೆ ಆ ನಂಬರ್ ಕಾರ್ಖಾನೆಯದಲ್ಲ, ಫೋನ್ ತಾನೇ ಕಟ್ಟಿಕೊಂಡದ್ದು. ಮೊದಲ ಜೋಡಿಯಲ್ಲಿ ಒಂದು ಬಿಟ್ ಅನ್ನು ಇದಕ್ಕೇ ಮೀಸಲಿಟ್ಟಿದ್ದಾರೆ. ಸುಳ್ಳು ಹೇಳುವಾಗಲೂ "ಇದು ಸುಳ್ಳು" ಅಂತ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ನಂಬರ್. ನಾನಂತೂ ಮನೆಯಲ್ಲಿ ಎಲ್ಲರ ಫೋನ್ ಕಿತ್ತುಕೊಂಡು ಎರಡನೇ ಅಕ್ಷರ ನೋಡಿದೆ. ಅಪ್ಪನ ಹಳೆ ಫೋನ್ ಒಂದನ್ನು ಬಿಟ್ಟು ಉಳಿದವೆಲ್ಲ ವೇಷಧಾರಿಗಳೇ.

[ತೆರೆಯಲ್ಲಿ: ರೌಟರ್ ಆ್ಯಪ್‌ನ ಸಾಧನಗಳ ಪಟ್ಟಿ, ಎರಡನೇ ಅಕ್ಷರಕ್ಕೆ ಹಳದಿ ಬಣ್ಣ]

ಸರಿ, ಹಾಗಾದರೆ ಯಾವ ರೌಟರ್ ತರಬೇಕು? ಶರ್ಟ್ ನೋಡುವುದು ಬಿಟ್ಟು ಮಕ್ಕಳಿಗೇ ಬೇರೆ ಪಂಕ್ತಿ ಹಾಕಲು ಬರುವ ರೌಟರ್. ಅಂದರೆ ಎರಡು ವೈಫೈ ಹೆಸರು, ಎರಡು ಪಾಸ್‌ವರ್ಡ್. ದೊಡ್ಡವರದು ಒಂದು, ಮಕ್ಕಳದು ಒಂದು. ರೂಲ್ ಇರುವುದು ಮಕ್ಕಳ ವೈಫೈ ಮೇಲೆ. ಅಲ್ಲಿಗೆ ಯಾವ ಫೋನ್ ಬಂದರೂ, ಎಂಥ ವೇಷದಲ್ಲಿ ಬಂದರೂ, ಒಂಬತ್ತೂವರೆಗೆ ಪಂಕ್ತಿಯೇ ಎತ್ತಿಬಿಡುತ್ತಾರೆ.

ಈ ಎರಡನೇ ವೈಫೈಗೆ ಗೆಸ್ಟ್ ನೆಟ್‌ವರ್ಕ್ ಬಳಸಬಹುದು, ಅದು ಬಹುತೇಕ ರೌಟರ್‌ಗಳಲ್ಲಿ ಇರುತ್ತದೆ. ಆದರೆ ಅದಕ್ಕೇ ಬೇರೆ ಟೈಮ್‌ಟೇಬಲ್ ಇಡಲು ಬರುತ್ತದಾ ಅನ್ನುವುದು ಒಂದೊಂದರಲ್ಲಿ ಒಂದೊಂದು ಥರ. ಅಂಗಡಿಯವರನ್ನು ಕೇಳಿದರೆ "ಎಲ್ಲಾ ಇದೆ ಸಾರ್" ಅನ್ನುತ್ತಾರೆ. ಕೊಳ್ಳುವ ಮೊದಲೇ ನೋಡಿಕೊಳ್ಳಿ. ಟಿಪಿ-ಲಿಂಕ್ ತನ್ನ ವೆಬ್‌ಸೈಟ್‌ನಲ್ಲಿ ಹಲವು ಮಾದರಿಗಳ ಎಮ್ಯುಲೇಟರ್ ಇಟ್ಟಿದೆ. ರೌಟರ್ ಇಲ್ಲದೆಯೇ ಅದರ ಸೆಟ್ಟಿಂಗ್ಸ್ ಪುಟಗಳನ್ನು ಒತ್ತಿ ನೋಡಬಹುದು. ಬೇರೆ ಕಂಪನಿಯದಾದರೆ ಮ್ಯಾನ್ಯುಯಲ್ ಪಿಡಿಎಫ್ ಇಳಿಸಿಕೊಂಡು "ಗೆಸ್ಟ್" ಮತ್ತು "ಶೆಡ್ಯೂಲ್" ಎರಡೂ ಪದ ಹುಡುಕಿ. ಒಂದು ತೊಡಕು ಉಂಟು: ಗೆಸ್ಟ್ ವೈಫೈನಲ್ಲಿರುವ ಫೋನಿಗೆ ಮನೆಯ ಪ್ರಿಂಟರ್ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಪ್ರಾಜೆಕ್ಟ್ ವರ್ಕ್ ಪ್ರಿಂಟ್ ತೆಗೆಯಲು ಅಮ್ಮನ ಫೋನೇ ಗತಿ.

ಚಂದಾ ವಿಷಯವನ್ನೂ ಕೇಳಿ. ಟಿಪಿ-ಲಿಂಕ್‌ನ ಹೋಮ್‌ಶೀಲ್ಡ್ ಅನ್ನುವ ಪೇರೆಂಟಲ್ ಕಂಟ್ರೋಲ್ ಸೇವೆಯಲ್ಲಿ ಪುಕ್ಕಟೆ ಭಾಗ ಒಂದು, ದುಡ್ಡು ಕಟ್ಟುವ ಪ್ರೊ ಭಾಗ ಇನ್ನೊಂದು. ನೆಟ್‌ಗಿಯರ್‌ನ ಸ್ಮಾರ್ಟ್ ಪೇರೆಂಟಲ್ ಕಂಟ್ರೋಲ್ಸ್‌ಗೂ ಚಂದಾ ಇದೆ. ಆಸಸ್ ಈ ಸೌಲಭ್ಯಕ್ಕೆ ಬೇರೆ ಚಂದಾ ಕೇಳುವುದಿಲ್ಲ, ಆದರೆ ಅದರ ರೌಟರ್‌ಗಳು ಸ್ವಲ್ಪ ದುಬಾರಿ. ನನ್ನ ಅಭಿಪ್ರಾಯ ಕೇಳಿದರೆ, ರೌಟರ್‌ಗೆ ತಿಂಗಳ ಬಾಡಿಗೆ ಕಟ್ಟುವುದು ನನಗೆ ಹಿಡಿಸದ ಮಾತು.

ಕೆಟ್ಟ ಸೈಟ್ ತಡೆಯಲಿಕ್ಕಂತೂ ದುಡ್ಡೇ ಬೇಡ. ಕ್ಲೌಡ್‌ಫ್ಲೇರ್ 2020ರ ಏಪ್ರಿಲ್ 1ರಂದು ಕುಟುಂಬಗಳಿಗಾಗಿ ಒಂದು ಉಚಿತ ಡಿಎನ್‌ಎಸ್ (ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸದ ನಂಬರ್ ಹುಡುಕಿಕೊಡುವ ಸೇವೆ) ಬಿಟ್ಟಿತು. ದಿನಾಂಕ ನೋಡಿ ನಗಬೇಡಿ, ನಿಜವಾದದ್ದೇ. ರೌಟರ್‌ನ ಡಿಎನ್‌ಎಸ್ ಜಾಗದಲ್ಲಿ 1.1.1.3 ಹಾಕಿ, ಎರಡನೆಯದಕ್ಕೆ 1.0.0.3. ವೈರಸ್ ಸೈಟು, ವಯಸ್ಕರ ಸೈಟು ಎರಡಕ್ಕೂ ತಡೆ. ಕೆಲವು ಕಂಪನಿಗಳು ಕೊಡುವ ಡಬ್ಬಿಯಲ್ಲಿ ಡಿಎನ್‌ಎಸ್ ಬದಲಿಸಲು ಬಿಡುವುದಿಲ್ಲ. ಸ್ವಂತ ರೌಟರ್ ತರಲು ಇದೂ ಒಂದು ಕಾರಣ.

ಅಂದಹಾಗೆ ಆ ಡಬ್ಬಿ. ಫೈಬರ್ ಕನೆಕ್ಷನ್ ಜೊತೆ ಗೋಡೆಗೆ ಹೊಡೆದು ಹೋಗುತ್ತಾರಲ್ಲ, ಅದು. ಅದರಲ್ಲೂ ಸಾಮಾನ್ಯವಾಗಿ ವೈಫೈ ಇರುತ್ತದೆ, ಪಾಸ್‌ವರ್ಡ್ ಅದರ ಅಡಿಯ ಸ್ಟಿಕ್ಕರ್ ಮೇಲೇ ಇರುತ್ತದೆ. ನಾವು ಎರಡು-ಮೂರು ಸಾವಿರ ಕೊಟ್ಟು ಹೊಸ ರೌಟರ್ ತಂದು ರೂಲ್ ಮೇಲೆ ರೂಲ್ ಹಾಕುತ್ತೇವೆ. ಹುಡುಗ ಸ್ಟೂಲ್ ಹತ್ತಿ ಸ್ಟಿಕ್ಕರ್ ಓದಿಕೊಂಡು ಹಳೆಯದಕ್ಕೇ ಕನೆಕ್ಟ್ ಆಗುತ್ತಾನೆ. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ಹಾರುಹೊಡೆದಿದೆ. ಹೊಸ ರೌಟರ್ ಬಂದ ದಿನವೇ ಹಳೆ ಡಬ್ಬಿಯ ವೈಫೈ ಆಫ್ ಮಾಡಿಸಿ. "ಬ್ರಿಡ್ಜ್ ಮೋಡ್ ಮಾಡಿಕೊಡಿ" ಅಂತ ಲೈನ್‌ಮನ್‌ಗೆ ಹೇಳಿದರೆ ಗೊತ್ತಾಗುತ್ತದೆ; ಅಂದರೆ ಡಬ್ಬಿ ಬರೀ ಲೈನ್ ದಾಟಿಸಲಿ, ರೌಟರ್ ಕೆಲಸ ಹೊಸದಕ್ಕೆ ಬಿಡಲಿ ಅಂತ.

ನನ್ನದೂ ಒಂದು ಪೆದ್ದುತನ ಹೇಳಿಬಿಡುತ್ತೇನೆ. ನಮ್ಮನೆಯ ಮೊದಲ ರೌಟರ್‌ನಲ್ಲಿ ರಾತ್ರಿ ಒಂಬತ್ತೂವರೆಗೆ ನೆಟ್ ನಿಲ್ಲಬೇಕು ಅಂತ ಇಟ್ಟೆ. ನಿಲ್ಲಲೇ ಇಲ್ಲ. ಎರಡು ದಿನ ಕಂಪನಿಗೆ ಬೈದೆ. ಮೂರನೇ ದಿನ ಬೆಳಗಿನ ಜಾವ ಮೂರಕ್ಕೆ ಒಂದು ಡೌನ್‌ಲೋಡ್ ಅರ್ಧಕ್ಕೆ ನಿಂತಾಗ ಹೊಳೆಯಿತು. ರೌಟರ್ ಗಡಿಯಾರ ಗ್ರೀನಿಚ್ ಟೈಮಲ್ಲಿತ್ತು! ಅಲ್ಲಿ ರಾತ್ರಿ ಒಂಬತ್ತೂವರೆ ಅಂದರೆ ನಮಗೆ ಐದೂವರೆ ಗಂಟೆ ಮುಂದೆ, ಮೂರು. ಟೈಮ್ ಝೋನ್ ಮೊದಲು ನೋಡಿ.

ಎಡಿಟರ್ ಆಗಲೇ ಗಡಿಯಾರ ತೋರಿಸುತ್ತಿದ್ದಾನೆ, ಉಳಿದದ್ದು ಒಂದೇ ಉಸಿರಲ್ಲಿ. ರೌಟರ್‌ಗೆ ಯೂಟ್ಯೂಬ್‌ಗೆ ಹೋದರು ಅಂತ ಗೊತ್ತಾಗುತ್ತದೆ, ಯಾವ ವಿಡಿಯೋ ಅಂತ ಗೊತ್ತಾಗುವುದಿಲ್ಲ, ಎಲ್ಲ ಎಚ್‌ಟಿಟಿಪಿಎಸ್, ಅಂದರೆ ಗುಪ್ತಲಿಪಿಯಲ್ಲಿ ಓಡಾಡುತ್ತದೆ. ವಿಪಿಎನ್ (ನೆಟ್ ಓಡಾಟವನ್ನೆಲ್ಲ ಮುಚ್ಚಿ ಬೇರೆ ಸರ್ವರ್ ಮೂಲಕ ಕಳಿಸುವ ಆ್ಯಪ್) ಹಾಕಿದರೆ ಡಿಎನ್‌ಎಸ್ ತಡೆಗೆ ಕೆಲಸ ಇಲ್ಲ. ಆಂಡ್ರಾಯ್ಡ್‌ನ ಪ್ರೈವೇಟ್ ಡಿಎನ್‌ಎಸ್‌ನಿಂದಲೂ ಅದನ್ನು ದಾಟಬಹುದು. ಫೋನಲ್ಲಿ ಸಿಮ್ ಇದ್ದರೆ ಮೊಬೈಲ್ ಡೇಟಾಗೆ ರೌಟರ್ ಲೆಕ್ಕಕ್ಕೇ ಇಲ್ಲ. ಅದಕ್ಕೆ ಗೂಗಲ್ ಫ್ಯಾಮಿಲಿ ಲಿಂಕ್, ಐಫೋನ್ ಆದರೆ ಸ್ಕ್ರೀನ್ ಟೈಮ್. ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ರೌಟರ್ ಹಿಂಬದಿಯ ರೀಸೆಟ್ ತೂತಿಗೆ ಒಂದು ಪಿನ್ ಸಾಕು, ರೂಲ್ ಎಲ್ಲ ಅಳಿಸಿಹೋಗುತ್ತದೆ. ಕೈಗೆ ಎಟುಕದ ಕಡೆ ಇಡಿ.

ಅಕ್ಕನ ಮನೆಗೆ ಹೋದ ವಾರ ಹೋಗಿ ಮಕ್ಕಳ ವೈಫೈ ಬೇರೆ ಮಾಡಿ ಬಂದೆ. ಅಳಿಯ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ನಿನ್ನೆ ರಾತ್ರಿ ಅಕ್ಕನ ಫೋನ್ ಬಂತು. ಧಾರಾವಾಹಿ ನೋಡುತ್ತಿದ್ದಳಂತೆ, ಸರಿಯಾಗಿ ಒಂಬತ್ತೂವರೆಗೆ, ಸೊಸೆ ಬಾಯಿಬಿಡುವ ಹೊತ್ತಿಗೆ, ನೆಟ್ ಹೋಯಿತಂತೆ. "ಹೊಸ ಫೋನ್ ತಗೊಂಡೆ ಅಲ್ವಾ ಅಕ್ಕ, ಅದಕ್ಕೆ ವೈಫೈ ಯಾರು ಹಾಕಿಕೊಟ್ಟಿದ್ದು?" ಅಂದೆ.

"ಇವನೇ. ಅವನಿಗೆ ಆ ಒಂದು ಪಾಸ್‌ವರ್ಡೇ ಅಲ್ವೇನೋ ಗೊತ್ತಿರೋದು."