ಜೀಪಿನಲ್ಲಿ ಒಂದು ಸಲ, ಬಸ್ಸಿನಲ್ಲಿ ಇನ್ನೊಂದು ಸಲ

ಎಲ್ಲರಿಗೂ ನಮಸ್ಕಾರ. ಇವತ್ತು ಜೂನ್ 7, ವಿಶ್ವ ಆಹಾರ ಸುರಕ್ಷತಾ ದಿನ. ನೋಟಿಸ್ ಕೊಡುತ್ತಿದ್ದವನನ್ನೇ ಕರೆದು ಹಾರ ಹಾಕಿದ್ದೀರಿ. ಹೋಟೆಲ್ ಮಾಲೀಕರ ದೊಡ್ಡ ಮನಸ್ಸು. ಅಥವಾ ಇವನು ರಿಟೈರ್ ಆದ ಅನ್ನುವ ಧೈರ್ಯ.

ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೇನೆ. ಮೊದಲನೆಯದು ಇಷ್ಟೇ. ನಮ್ಮ ಆಹಾರ ಸುರಕ್ಷತಾ ಇಲಾಖೆಯವರು ತಪಾಸಣೆಗೆ ಒಂದು ಸಲ ಬಂದು ಹೋದರೆ ಏನೂ ಪ್ರಯೋಜನವಿಲ್ಲ. ಎರಡನೇ ಸಲ ಬರಬೇಕು.

ನಾನಿದ್ದ ಒಂದು ತಾಲ್ಲೂಕಿನಲ್ಲಿ ನಮ್ಮ ಜೀಪು ಎಲ್ಲರಿಗೂ ಗೊತ್ತಿತ್ತು. ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲ್ ಮುಂದೆ ನಿಂತರೆ ಸಾಕು, ಬೀಡಾ ಅಂಗಡಿಯ ಹುಡುಗ ಸೈಕಲ್ ಹತ್ತುತ್ತಿದ್ದ. ನಾನು ಐದನೇ ಹೋಟೆಲ್ ತಲುಪುವ ಹೊತ್ತಿಗೆ ಅಡುಗೆ ಭಟ್ಟರಿಂದ ಕ್ಲೀನರ್ ತನಕ ಎಲ್ಲರ ತಲೆ ಮೇಲೂ ಟೋಪಿ. ಹೊಸ ಟೋಪಿ! ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಗೋಡೆ ಮೇಲೆ 14 ಅಂಕಿಯ ಲೈಸೆನ್ಸ್, ಫ್ರೇಮಿಗೆ ಕುಂಕುಮ ಬೇರೆ. ಎಲ್ಲ ಸರಿಯಿದೆ ಅಂತ ಬರೆದುಕೊಂಡು ಬಂದೆ.

ಮುಂದಿನ ವಾರ ಬಸ್ಸಿನಲ್ಲಿ ಹೋದೆ, ಹಿಂದಿನ ಬಾಗಿಲಿಂದ. ಟೋಪಿ ಮಾಯ. ಅದು ಬಿಡಿ. ಮೂಲೆಯಲ್ಲಿ ದೊಡ್ಡ ಪಾತ್ರೆ, ಬೆಳಿಗ್ಗೆ ಮಾಡಿದ ಅನ್ನ. ಸಂಜೆ ಚಿತ್ರಾನ್ನಕ್ಕೆ, ರಾತ್ರಿ ಫ್ರೈಡ್ ರೈಸ್‌ಗೆ ಅದೇ. “ಬಿಸಿ ಮಾಡ್ತೀವಲ್ಲ ಸಾರ್” ಅಂದರು ಭಟ್ಟರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಆದರೆ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಹೆಸರೇ ಸೀರಿಯಸ್! ಅದು ಬಿಡುವ, ವಾಂತಿ ತರಿಸುವ ವಿಷ ನಿಮ್ಮ ಒಗ್ಗರಣೆಗೆಲ್ಲ ಜಗ್ಗುವುದಿಲ್ಲ. ಬಿಸಿ ಇಡುವುದಾದರೆ 60 ಡಿಗ್ರಿ ಮೇಲೆ, ತಣ್ಣಗಿಡುವುದಾದರೆ 5 ಡಿಗ್ರಿ ಒಳಗೆ.

ವರದಿ ಕೊಟ್ಟೆ. ನಮ್ಮ ಮೇಲಿನ ಅಂಕಿತಾಧಿಕಾರಿಗಳು 32ನೇ ಸೆಕ್ಷನ್ ಪ್ರಕಾರ ಸುಧಾರಣಾ ನೋಟಿಸ್ ಕಳಿಸಿದರು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಸೆಕ್ಷನ್ ಅದು. ದಂಡವಲ್ಲ, ಸರಿ ಮಾಡಿಕೊಳ್ಳಿ ಅಂತ ಕನಿಷ್ಠ 14 ದಿನ ಕೊಡುವ ಕಾಗದ. ಮಾಡದಿದ್ದರೆ ಲೈಸೆನ್ಸ್ ಅಮಾನತು ಮಾಡಬಹುದು. ಆದರೆ ಗಡುವು ಮುಗಿದ ಮೇಲೆ ಯಾರೂ ಹೋಗಿ ನೋಡದಿದ್ದರೆ ಅದು ಬೋಂಡಾ ಕಟ್ಟುವ ಕಾಗದ. ಅಂದಹಾಗೆ, ಪೇಪರ್‌ನಲ್ಲಿ ಬೋಂಡಾ ಕಟ್ಟಬೇಡಿ, ಶಾಯಿ ಅಂಟುತ್ತದೆ.

ನಾನು ಹೋದೆ. ಭಟ್ಟರು ಅಗಲ ತಟ್ಟೆಗಳಲ್ಲಿ ಅನ್ನ ತೆಳ್ಳಗೆ ಹರಡಿ ಆರಿಸಿ ಫ್ರಿಜ್‌ಗೆ ಸೇರಿಸುತ್ತಿದ್ದರು. ತಲೆ ಮೇಲೆ ಟೋಪಿ, ಪೂರ್ತಿ ಜಿಡ್ಡು. ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ದಿನಾ ಹಾಕುತ್ತಿದ್ದಾರೆ ಅಂತಾಯಿತು. ಒಗೆಯಲು ಮಾತ್ರ ಹೇಳಿ ಬಂದೆ.

ಎರಡನೆಯದು ಬಣ್ಣ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂದಿತು. 171 ಮಾದರಿ ಪರೀಕ್ಷಿಸಿದರೆ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಸ್ವಲ್ಪ ದಿನ ನಮ್ಮೂರ ಗೋಬಿಯೆಲ್ಲ ಜ್ವರ ಬಂದವರ ಹಾಗೆ ಬಿಳಿಚಿಕೊಂಡಿತ್ತು. ಈಗ? ನಗುತ್ತಿದ್ದೀರಿ, ಅಂದರೆ ನಿಮಗೂ ಗೊತ್ತು. ಎರಡನೇ ಸಲ ಹೋದವರು ಯಾರು? ಕೆಂಪಗಿಲ್ಲ ಅಂತ ಪ್ಲೇಟ್ ವಾಪಸ್ ಕಳಿಸಿದವರೂ ಈ ಹಾಲ್‌ನಲ್ಲಿದ್ದಾರೆ, ಅಲ್ವಾ?

ಸಿಬ್ಬಂದಿ ಸಾಲದು ಅನ್ನುತ್ತಾರೆ. ನಿಜ. ಒಬ್ಬನೇ ಅಧಿಕಾರಿಗೆ ಬೇಕರಿ, ಹಾಸ್ಟೆಲ್, ಜಾತ್ರೆ ಎಲ್ಲ. ಹಾಗಾದರೆ ನೂರು ಹೋಟೆಲ್‌ಗೆ ಸುಮ್ನೆ ಒಂದೊಂದು ಸಲ ಹೋಗುವ ಬದಲು ಐವತ್ತಕ್ಕೆ ಎರಡೆರಡು ಸಲ ಹೋಗಲಿ.

ಮೂರನೆಯದು ಕರಿದ ಎಣ್ಣೆ. ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಹುಟ್ಟುವ ಕೆಟ್ಟ ಅಂಶ, ಪೋಲಾರ್ ಕಾಂಪೌಂಡ್, ಶೇ. 25 ದಾಟಿದರೆ ಬಳಸುವ ಹಾಗಿಲ್ಲ. ಇಷ್ಟು ಸಾಕು, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಾಲ್ಕನೆಯದು ಟೇಬಲ್ ಒರೆಸುವ ಬಟ್ಟೆ. ಅದಕ್ಕೆ ಇನ್ನೊಂದು ದಿನ ಕರೆಯಬೇಕು ನೀವು.

ಚೀಟಿ ಬಂತು. ಊಟ ರೆಡಿಯಂತೆ. ಅನ್ನ ಎಷ್ಟು ಗಂಟೆಗೆ ಇಳಿಸಿದಿರಿ ಅಂತ ಬರುವಾಗಲೇ ಕೇಳಿದ್ದೆ, ಹತ್ತಕ್ಕೆ ಅಂದರು. ಈಗ ಒಂದೂವರೆ. ಹಿಂದಿನ ಬಾಗಿಲು ಎಲ್ಲಿದೆ?