ಆಟದ ಇಂಗ್ಲಿಷಿನಲ್ಲಿ ಕ್ರಿಯಾಪದದ ಪಾಡು

ಕೇಳುಗರಿಗೆ ನಮಸ್ಕಾರ.

ಕ್ರೀಡೆ ಮತ್ತು ವ್ಯಾಯಾಮಗಳಿಗೆ ಸಂಬಂಧಿಸಿದ ಇಂಗ್ಲಿಷ್ ಪದಗಳನ್ನು ಕಲಿಯಬೇಕೆನ್ನುವವರು ಸಾಮಾನ್ಯವಾಗಿ ಆಟಗಳ ಮತ್ತು ಸಲಕರಣೆಗಳ ಹೆಸರುಗಳ ಉದ್ದನೆಯ ಪಟ್ಟಿಯೊಂದನ್ನು ಹಿಡಿದು ಬಾಯಿಪಾಠಕ್ಕೆ ಕೂರುತ್ತಾರೆ. ಆ ಶ್ರಮದ ಬಹುಪಾಲು ಅನಗತ್ಯವೆಂದೇ ನನ್ನ ಅಭಿಪ್ರಾಯ. ಬ್ಯಾಟು, ವಿಕೆಟ್ಟು, ಗೋಲು, ಕೋರ್ಟು, ರೆಫರಿ ಮುಂತಾದ ಮಾತುಗಳು ಇಂಗ್ಲಿಷ್ ಓದದವರ ನಾಲಿಗೆಯ ಮೇಲೂ ಓಡಾಡುತ್ತವೆ. ನಾವು ಎಡವುವುದು ಹೆಸರುಗಳಲ್ಲಲ್ಲ, ಕ್ರಿಯಾಪದಗಳಲ್ಲಿ.

ಕನ್ನಡದ ‘ಹೊಡೆ’ ಎಂಬ ಧಾತುವನ್ನೇ ತೆಗೆದುಕೊಳ್ಳೋಣ. ಗರಡಿಯಲ್ಲಿ ದಂಡ ಹೊಡೆಯುತ್ತೇವೆ, ಬಸ್ಕಿ ಹೊಡೆಯುತ್ತೇವೆ. ಕೆರೆಯಲ್ಲಿ ಈಜು ಹೊಡೆಯುತ್ತೇವೆ. ಮೈದಾನಕ್ಕೆ ಬಂದರೆ ಗೋಲು, ಸಿಕ್ಸರು, ಸೆಂಚುರಿ ಎಲ್ಲವನ್ನೂ ಹೊಡೆಯುವುದೇ. ಇಂಗ್ಲಿಷಿನ ‘ಹಿಟ್’ ಇಷ್ಟು ಭಾರವನ್ನು ಹೊರಲಾರದು. ಸಿಕ್ಸರಿಗೇನೋ ‘ಹಿಟ್’ ಸಲ್ಲುತ್ತದೆ, ಅದೂ ‘ಹಿಟ್ ಎ ಸಿಕ್ಸ್’ ಎಂದು. ಗೋಲಿಗೆ ‘ಸ್ಕೋರ್’ ಬೇಕು, ಶತಕಕ್ಕೆ ‘ಸ್ಕೋರ್’ ಅಥವಾ ‘ಮೇಕ್’ ಎನ್ನುವುದು ರೂಢಿ, ದಂಡ ಮತ್ತು ಬಸ್ಕಿಗಳಂಥ ಕಸರತ್ತಿಗೆ ‘ಡೂ’ ಬರುತ್ತದೆ, ಈಜಿಗಾದರೋ ‘ಸ್ವಿಮ್’ ಒಂದೇ ಸಾಕು.

ಚೆಂಡಿನ ಆಟಕ್ಕೆ ‘ಪ್ಲೇ’, ಯೋಗ, ಜೂಡೊಗಳಿಗೆ ‘ಡೂ’, ಸ್ವಿಮ್ಮಿಂಗ್, ಸೈಕ್ಲಿಂಗ್‌ಗಳಿಗೆ ‘ಗೋ’ ಎಂಬ ನಿಯಮವನ್ನು ಶಾಲೆಯಲ್ಲಿಯೇ ಕೇಳಿರುತ್ತೇವೆ. ಆಡುವುದು, ಮಾಡುವುದು, ಹೋಗುವುದು ಎಂಬ ಭೇದ ಕನ್ನಡದಲ್ಲಿಯೂ ಇರುವುದರಿಂದ ಇದು ಕಷ್ಟವೇನಲ್ಲ. ‘ವಾಕಿಂಗ್ ಮಾಡುತ್ತೇನೆ’ ಎನ್ನುವ ಅಭ್ಯಾಸ ಮಾತ್ರ ತೊಡಕು. ಅಲ್ಲಿ ‘ಗೋ ಫಾರ್ ಎ ವಾಕ್’ ಎನ್ನಬೇಕು.

ಗೆಲುವಿನ ಮಾತು ಇದಕ್ಕಿಂತ ಸೂಕ್ಷ್ಮ. 1980ರ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಫೈನಲಿನಲ್ಲಿ ಪ್ರಕಾಶ್ ಪಡುಕೋಣೆಯವರು ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಗೆದ್ದರು, ಪ್ರಶಸ್ತಿಯನ್ನೂ ಗೆದ್ದರು ಎಂದು ಕನ್ನಡದಲ್ಲಿ ಒಂದೇ ಉಸಿರಿನಲ್ಲಿ ಹೇಳಬಹುದು. ಇಂಗ್ಲಿಷಿನಲ್ಲಿ ಪ್ರಶಸ್ತಿಯನ್ನು ‘ವಿನ್’ ಮಾಡಬೇಕು, ಎದುರಾಳಿಯನ್ನು ‘ಬೀಟ್’ ಮಾಡಬೇಕು. ‘ವೀ ವನ್ ದೆಮ್’ ಎಂಬ ವಾಕ್ಯ ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದು ತಪ್ಪೆಂದು ಯಾರಿಗೂ ಅನ್ನಿಸುವುದೇ ಇಲ್ಲ.

ಸೋಲೂ ಗೆಲುವೂ ಇಲ್ಲದಾಗ? 2011ರ ವಿಶ್ವಕಪ್ಪಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತವೂ ಇಂಗ್ಲೆಂಡೂ ತಲಾ 338 ರನ್ ಗಳಿಸಿದ ಪಂದ್ಯ ‘ಟೈ’ ಆಯಿತು. ಐದು ದಿನ ಕಳೆದರೂ ಮುಗಿಯದೆ ಉಳಿಯುವ ಟೆಸ್ಟ್ ಪಂದ್ಯವಾದರೆ ‘ಡ್ರಾ’. ಫುಟ್‌ಬಾಲಿಗೆ ಹೋದರೆ ಈ ಲೆಕ್ಕ ನಡೆಯದು. ಅಲ್ಲಿ ಸಮಬಲವನ್ನು ಬ್ರಿಟಿಷರು ‘ಡ್ರಾ’ ಎಂದರೆ ಅಮೆರಿಕದವರು ‘ಟೈ’ ಎನ್ನುತ್ತಾರೆ.

‘ಎಸೆ’ ಎಂಬ ಮಾತಿನಲ್ಲಂತೂ ಎಚ್ಚರ ಬೇಕು. ಬೌಲರ್ ಚೆಂಡೆಸೆದ ಎಂದು ಕನ್ನಡದ ವೀಕ್ಷಕ ವಿವರಣೆಯಲ್ಲಿ ನಿರಾತಂಕವಾಗಿ ಹೇಳಬಹುದು. ಅದನ್ನೇ ‘ಥ್ರೋ’ ಎಂದು ಇಂಗ್ಲಿಷಿನಲ್ಲಿ ಹೇಳಿದರೆ, ಮೊಣಕೈಯನ್ನು ನಿಗದಿತ 15 ಡಿಗ್ರಿಗಿಂತ ಹೆಚ್ಚು ನೇರಗೊಳಿಸಿ ನಿಯಮ ಮುರಿದನೆಂಬ ಆಪಾದನೆಯಾಗುತ್ತದೆ. ಆತ ಮಾಡುವುದು ‘ಬೌಲ್’. ‘ಥ್ರೋ’ ಫೀಲ್ಡರಿನ ಕೆಲಸ.

ಆದ್ದರಿಂದ ಕನ್ನಡದಲ್ಲಿ ನೋಡಿ ಮುಗಿಸಿದ ಪಂದ್ಯದ ವರದಿಯನ್ನೇ ಮರುದಿನ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ. ಏನು ನಡೆಯಿತೆಂಬುದು ಮೊದಲೇ ತಿಳಿದಿರುವುದರಿಂದ ನಿಘಂಟಿನ ಹಂಗಿಲ್ಲದೆ ಕ್ರಿಯಾಪದಗಳು ಅರ್ಥವಾಗುತ್ತವೆ. ಅವುಗಳನ್ನು ಬಿಡಿಯಾಗಿ ಬರೆದುಕೊಳ್ಳದೆ, ಜೊತೆಗೆ ಬಂದ ಕರ್ಮಪದದ ಸಮೇತ ಬರೆದುಕೊಳ್ಳಿ.